ಇಬ್ಬರು ಹಂಚಿಕೊಳ್ಳಹೊರಟ ಲಸಿಕೆ

“ನೋಡಿ, ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಹಳೇ ಲಸಿಕೆ ಅಂದ್ರೆ ಏನು? ಸತ್ತ ರೋಗಾಣುವಿನ ಒಂದು ಚೂರು. ಅದನ್ನ ತೋಳಿಗೆ ಚುಚ್ಚಿ ಬಿಟ್ಟುಬಿಡ್ತಾರೆ. ಮೈಯೊಳಗೆ ಕಾವಲು ಕಾಯೋ ಕಣಗಳು ಅಂತ ಇರ್ತಾವೆ, ಕಳ್ಳರನ್ನ ಹಿಡಿಯೋದು ಅವುಗಳ ಕೆಲಸ. ವಯಸ್ಸಿನ ಹುಡುಗರ ಮೈಯಲ್ಲಿ ಅವು ಎದ್ದು ಕೂತಿರ್ತಾವೆ. ನಮ್ಮಂಥೋರ ಮೈಯಲ್ಲಿ? ಊಟ ಮಾಡಿ ಮಗ್ಗುಲಾಗಿರ್ತಾವೆ. ಚೂರು ಬಂತು, ಹೋಯ್ತು, ಇವಕ್ಕೆ ಗೊತ್ತೇ ಆಗಲ್ಲ. ಹೊಸದರಲ್ಲಿ ಹಾಗಲ್ಲ. ಆ ಚೂರನ್ನ ಒಂದು ಉಂಡೆ ಒಳಗಿಟ್ಟು ಬಾಯಿ ಹೊಲಿದಿರ್ತಾರೆ. ಎಷ್ಟು ದೊಡ್ಡ ಉಂಡೆ ಅಂತೀರಾ? ನನ್ನ ಸೂಜಿ ಮೊನೆ ಮೇಲೆ ಒಂದು ಊರಿನ ಜನ ಸಂತೆ ಸೇರಿದ ಹಾಗೆ ಕೂರಬಹುದು, ಅಷ್ಟು ಸಣ್ಣದು. ಆಪರೇಷನ್ ಆದಮೇಲೆ ಹೊಟ್ಟೆ ಒಳಗೆ ಹೊಲಿತಾರಲ್ಲ, ಕರಗೋ ದಾರ, ಅದೇ ಜಾತಿ ಸರಕು. ಕಾವಲಿನವರು ಇದೇನೋ ತಿನ್ನೋ ಪದಾರ್ಥ ಅಂತ ಗುಳುಂ ಮಾಡ್ತಾರೆ. ಆಮೇಲೆ ಉಂಡೆ ಒಳಗೇ ಬಿಚ್ಚಿಕೊಳ್ಳುತ್ತೆ. ಒಂದೇ ಸಲಕ್ಕಲ್ಲ, ಇವತ್ತಿಷ್ಟು, ನಾಳೆ ಇಷ್ಟು. ಆಗ ಅವರು ದಡಬಡ ಎದ್ದು, ಅಕ್ಕಪಕ್ಕದೋರನ್ನೂ ಎಬ್ಬಿಸಿ, ದೊಣ್ಣೆ ಹಿಡ್ಕೊಂಡು ನಿಂತ್ಕೋತಾರೆ. ಕೆಲಸ ಮುಗೀತಾ, ಉಂಡೆ ಕರಗಿ ನೀರಾಗಿ, ಉಸಿರಾಗಿ ಹೊರಗೆ ಹೋಗುತ್ತೆ. ಗುರುತೂ ಇರಲ್ಲ. ನಾನು ಅಂಥ ದಾರದಲ್ಲಿ ನಿಮ್ಮ ಪ್ಯಾಂಟು ಹೊಲಿದುಕೊಟ್ಟರೆ ನನ್ನ ಅಂಗಡಿಗೆ ಬೆಂಕಿ ಹಾಕ್ತೀರಿ. ಅವರು ಹೊಲಿದರೆ ಅದು ವಿಜ್ಞಾನ.”

ಇಷ್ಟನ್ನೂ ನನ್ನ ತಮ್ಮ ಹೇಳಿದ್ದು, ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದ ಒಬ್ಬ ಮನುಷ್ಯನಿಗೆ. ಆ ಮನುಷ್ಯ ಕೇಳಿದ್ದು “ಯಾವಾಗ ಬರಲಿ?” ಎಂದು ಮಾತ್ರ.

ನನ್ನ ತಮ್ಮ ದರ್ಜಿ. ಮನೆಯ ಕೆಳಗಡೆ ಬೀದಿಗೆ ಮುಖ ಮಾಡಿದ ಕೋಣೆಯೇ ಅವನ ಅಂಗಡಿ. ಒಂದು ಕಾಲುಮೆಷಿನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ಕನ್ನಡಿ, ಮೂಲೆಯಲ್ಲಿ ಯಾರೂ ತೆಗೆದುಕೊಂಡು ಹೋಗದ ಬಟ್ಟೆಗಳ ಗುಡ್ಡ. ಹಿಂದಿನ ಕೋಣೆಯಲ್ಲಿ ಅವನೂ ನಾನೂ. ನನ್ನ ಗಂಡ ಹೋದ ಮೇಲೆ ನಾನು ಇಲ್ಲಿಗೆ ಬಂದೆ, ಅಷ್ಟರಲ್ಲಿ ಅವನ ಹೆಂಡತಿಯೂ ಹೋಗಿದ್ದಳು. ಮಹಡಿಯ ಮೇಲೆ ಅವನ ಮಗಳು, ಅವಳ ಮಗಳು. ಅಳಿಯ ಲಾರಿ ಓಡಿಸುತ್ತಾನೆ, ಬಂದಾಗ ಬಂದ, ಹೋದಾಗ ಹೋದ.

ಹೊಲಿಗೆಯಲ್ಲಿ ತಮ್ಮನ ಕೈ ಚೆನ್ನ. ಅಳತೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ಮೈಗೆ ಕೂರುವ ಹಾಗೆ ಮಾಡಿಬಿಡುತ್ತಾನೆ. ಅವನ ಕಷ್ಟವಿರುವುದು ಬಾಯಲ್ಲಿ. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವೆಂದರೆ ಎರಡೇ: ಒಂದು, ಹೇಳಿದ ದಿನಕ್ಕೆ ಬಟ್ಟೆ ಕೊಡುವುದು; ಇನ್ನೊಂದು, ಸುಮ್ಮನಿರುವುದು. ರಸ್ತೆ ಯಾಕೆ ಅಗೆದರು, ಮಳೆ ಯಾಕೆ ತಡವಾಯಿತು, ಎದುರುಮನೆ ಮದುವೆ ಯಾಕೆ ಮುರಿಯಿತು, ಎಲ್ಲಕ್ಕೂ ಅವನ ಹತ್ತಿರ ಕಾರಣವುಂಟು. ಕಾರಣ ಸುಳ್ಳಾದರೆ ಇನ್ನೊಂದು ಉಂಟು.

ಇಂಥವನಿಗೆ ಸರಿಯಾದ ಜೋಡಿ ಪಕ್ಕದ ಅಂಗಡಿಯ ಗಡಿಯಾರದವನು. ಕೆಟ್ಟ ಗಡಿಯಾರ ರಿಪೇರಿ ಮಾಡುತ್ತಾನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಬೆಳಿಗ್ಗೆಯಿಂದ ಸಂಜೆಯವರೆಗೆ “ಹೂಂ” ಬಿಟ್ಟು ಬೇರೆ ಮಾತಿಲ್ಲ. ನನ್ನ ತಮ್ಮ ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೇ ಇಷ್ಟು ವರ್ಷ ಕಳೆದ. ಇಬ್ಬರೂ ಎಲ್ಲವನ್ನೂ ಹಂಚಿಕೊಳ್ಳುವವರು. ಒಂದೇ ಪತ್ರಿಕೆ ತರಿಸುತ್ತಾರೆ: ಮುಂದಿನ ಹಾಳೆಗಳು ಇವನಿಗೆ, ಹಿಂದಿನ ಹಾಳೆಗಳು ಅವನಿಗೆ, ಮಧ್ಯಾಹ್ನ ಅದಲುಬದಲು. ಒಂದು ಕೊಡೆ, ಒಂದು ಬೀಗದ ಎಣ್ಣೆ ಡಬ್ಬಿ, ಒಂದು ಮಧ್ಯಾಹ್ನದ ನಿದ್ದೆ. ಒಬ್ಬ ಮಲಗಿದಾಗ ಇನ್ನೊಬ್ಬ ಎರಡೂ ಅಂಗಡಿ ನೋಡಿಕೊಳ್ಳುತ್ತಾನೆ. ಯಾರೂ ಬರುವುದಿಲ್ಲ, ಅದು ಬೇರೆ ಮಾತು.

ಈಗ ಮೊಮ್ಮಗಳ ವಿಷಯ ಹೇಳಬೇಕು. ಅದನ್ನು ಹೇಳುವಾಗ ಕುಹಕ ಬರುವುದಿಲ್ಲ. ಮಗುವಿಗೆ ರಕ್ತದ ಕಾಯಿಲೆ. ಆಸ್ಪತ್ರೆಯಲ್ಲಿ ಕೆಟ್ಟ ಕಣಗಳನ್ನು ಸುಡಲು ಕೊಟ್ಟ ಔಷಧಿ ಒಳ್ಳೆಯ ಕಣಗಳನ್ನೂ ಸುಟ್ಟಿತು. ಕಾಯಿಲೆ ಹಿಮ್ಮೆಟ್ಟಿತು, ಆದರೆ ಮಗುವಿನ ಮೈ ಬಾಗಿಲು ತೆಗೆದಿಟ್ಟ ಮನೆಯ ಹಾಗಾಯಿತು. ಯಾರು ಬೇಕಾದರೂ ಒಳಗೆ ಬರಬಹುದು, ತಡೆಯುವವರಿಲ್ಲ. ಚಳಿಗಾಲದಲ್ಲಿ ಬೀದಿ ಬೀದಿ ಸುತ್ತುವ ಎದೆಜ್ವರ ನಮಗೆ ಬಂದರೆ ಒಂದು ವಾರ ಕೆಮ್ಮು; ಅವಳಿಗೆ ಬಂದರೆ ಏನು ಎಂದು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ, ತಲೆ ತಗ್ಗಿಸಿದರು. ಅವಳ ಹತ್ತಿರ ಬರುವವರೆಲ್ಲ ಎದೆಜ್ವರದ ಲಸಿಕೆ ತೆಗೆದುಕೊಂಡಿರಬೇಕು, ಬಾಯಿ ಮೂಗು ಮುಚ್ಚಿಕೊಂಡಿರಬೇಕು ಎಂದರು. ಹಳೆಯ ಲಸಿಕೆ ವಯಸ್ಸಾದವರ ಮೈಗೆ ಅಷ್ಟಾಗಿ ಹಿಡಿಯುವುದಿಲ್ಲ ಎಂದೂ ಹೇಳಿದರು.

ಮಗಳು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ ಮಾಡುತ್ತಾಳೆ. ರಜೆ ಎಲ್ಲ ಆಸ್ಪತ್ರೆಯಲ್ಲೇ ಕರಗಿತ್ತು. ಮಗು ಇನ್ನೂ ಆಸ್ಪತ್ರೆಯಲ್ಲೇ ಇತ್ತು; ಮನೆಗೆ ಬಂದ ಮೇಲೆ ಹಗಲು ಹೊತ್ತು ಅದರ ಜೊತೆ ಕೂರುವವರು ಯಾರು? ನನಗೆ ವರ್ಷಪೂರ್ತಿ ಕೆಮ್ಮು, ಮಹಡಿ ಮೆಟ್ಟಿಲ ಕೆಳಗೇ ನಿಲ್ಲಬೇಕೆಂದು ನನಗೆ ಆಗಲೇ ಹೇಳಿಬಿಟ್ಟಿದ್ದರು. ಉಳಿದವನು ತಾತ. ತಾತ ಹೋಗಿ, ಅದೇ ಆಸ್ಪತ್ರೆಯಲ್ಲಿ ಅರವತ್ತು ದಾಟಿದವರ ಮೇಲೆ ಪರೀಕ್ಷೆ ಮಾಡುತ್ತಿದ್ದ ಹೊಸ ಲಸಿಕೆಗೆ ಹೆಸರು ಕೊಟ್ಟು ಬಂದ. ಜೊತೆಗೆ ಗಡಿಯಾರದವನನ್ನೂ ಸೇರಿಸಿದ. ಅವನನ್ನು ಕೇಳಿದನೋ ಇಲ್ಲವೋ, “ಹೂಂ” ಎಂದಿರಬೇಕು.

ಪರೀಕ್ಷೆಯ ಕ್ರಮ ಹೀಗೆ. ಅರ್ಧ ಜನಕ್ಕೆ ಹಳೆಯ ಲಸಿಕೆ, ಅರ್ಧ ಜನಕ್ಕೆ ಹೊಸದು. ಯಾರಿಗೆ ಯಾವುದು ಎಂದು ಚುಚ್ಚಿಸಿಕೊಂಡವರಿಗೂ ಹೇಳುವುದಿಲ್ಲ, ಚುಚ್ಚಿದವರಿಗೂ ಗೊತ್ತಿರುವುದಿಲ್ಲ. ಹೊಸದು ಸ್ವಲ್ಪ ಹಾಲಿನ ಬಣ್ಣವಂತೆ, ಅದಕ್ಕೇ ಸಿರಿಂಜಿಗೆಲ್ಲ ಒಂದೇ ತರಹ ಬಣ್ಣದ ಪಟ್ಟಿ ಸುತ್ತಿರುತ್ತಾರೆ. ಕೆಲವು ವಾರ ಬಿಟ್ಟು ಎರಡನೆಯ ಸೂಜಿ. ಮೊದಲ ದಿನವೇ ನರ್ಸಮ್ಮ ಇದನ್ನೆಲ್ಲ ನಿಧಾನವಾಗಿ ಹೇಳಿದರು. ನಾನು ಬೆಂಚಿನ ಮೇಲೆ ಕೂತು ಕೇಳಿದೆ. ನನ್ನ ತಮ್ಮನೂ ಕೇಳಿದ. ಆದರೆ ಅವನು ಕೇಳುವುದು ಮುಂದೆ ತಾನೇನು ಹೇಳಬೇಕೆಂದು ಯೋಚಿಸುತ್ತ. ಮನೆಗೆ ಬರುವ ದಾರಿಯಲ್ಲಿ ಅವನ ತಕರಾರು ಒಂದೇ: “ಸೂಜಿಗೆ ಅಂಗಿ ತೊಡಿಸಿದ್ದಾರೆ ಅಕ್ಕ. ತೊಡಿಸಲಿ. ಹೊಲಿಗೆಯಾದ್ರೂ ನೇರ ಬೇಡವಾ?”

ಮಗಳು ಕೇಳಿದಾಗ ಅವನು ಕೊಟ್ಟ ಉತ್ತರ ಬೇರೆ. ಹೊಸದೇ ಆಯಿತು, ತೋಳಿನಲ್ಲಿ ಇಳಿಯುವಾಗಲೇ ಗೊತ್ತಾಯಿತು, ಜುಂ ಎಂದಿತು, ಅಂತ ಹೇಳಿದ. ಟಿಕೆಟ್ ಕಿಟಕಿಯಲ್ಲಿ ದಿನವಿಡೀ ಜನರ ಸುಳ್ಳು ಕೇಳುವವಳು ಅವಳು. ಆದರೂ ಮಗುವಿನ ಮಾತು ಬಂದಾಗ ಮನುಷ್ಯರಿಗೆ ನಂಬುವ ಆಸೆ. ಇಂಥ ದಿನದಿಂದ ಕೆಲಸಕ್ಕೆ ಬರುತ್ತೇನೆ ಎಂದು ಕಚೇರಿಗೆ ತಿಳಿಸಿಬಿಟ್ಟಳು.

ಹೇಳಿದ್ದಾಯಿತು, ಇನ್ನು ಅದು ನಿಜವಾಗಬೇಕಲ್ಲ. ಮಾರನೆಯ ಬೆಳಿಗ್ಗೆಯಿಂದ ನನ್ನ ತಮ್ಮ ಅಳತೆ ಟೇಪು ಕೈಗೆತ್ತಿಕೊಂಡ. ಹೊಸ ಲಸಿಕೆ ಬಿದ್ದ ತೋಳು ಊದಿಕೊಳ್ಳುತ್ತದೆ ಎಂದು ಅಲ್ಲಿ ಕಾದು ಕೂತಿದ್ದ ಯಾರೋ ಹೇಳಿದ್ದರಂತೆ. ಹೇಳಿದವನು ಯಾರು? ಅವನೂ ಸೂಜಿಗೆ ಕಾಯುತ್ತಿದ್ದವನೇ. ಇವನು ದಿನಾ ಅಂಗಡಿ ತೆಗೆದ ಕೂಡಲೇ ತನ್ನ ತೋಳು ಅಳೆಯುವುದು, ಆಮೇಲೆ ಪಕ್ಕದಂಗಡಿಗೆ ಹೋಗಿ ಗಡಿಯಾರದವನ ತೋಳು ಅಳೆಯುವುದು. ಅಳೆಯುವ ಮುಂಚೆ ಹೆಬ್ಬೆರಳಿನಲ್ಲಿ ಅದುಮಿ ನೋಡುವುದು. ಬಟ್ಟೆಯ ಗಟ್ಟಿತನ ನೋಡುವ ಹೆಬ್ಬೆರಳು ಅದು, ಇಸ್ತ್ರಿ ಪೆಟ್ಟಿಗೆಯನ್ನು ಅರ್ಧ ಆಯಸ್ಸು ಒತ್ತಿದ ಹೆಬ್ಬೆರಳು. “ನೋವಾ?” ಎನ್ನುವನು. ಅವನು “ಹೂಂ” ಎನ್ನುವನು. “ನನಗೆ ಇಲ್ಲ ಕಣೋ,” ಎಂದು ಇವನ ಮುಖ ಸಣ್ಣದಾಗುವುದು.

ದಿನ ಕಳೆದಂತೆ ಗಡಿಯಾರದವನ ತೋಳು ನಿಜಕ್ಕೂ ಊದಿತು, ಕೆಂಪಗೂ ಆಯಿತು. ನನ್ನ ತಮ್ಮನ ತೋಳು ಮೊದಲು ಹೇಗಿತ್ತೋ ಹಾಗೆ, ಹಳೆಯ ಹಗ್ಗದಂತೆ. ಅಲ್ಲಿಗೆ ಅವನ ತೀರ್ಮಾನವಾಯಿತು. ಹೊಸದು ಬಿದ್ದದ್ದು ಗೆಳೆಯನಿಗೆ, ತನಗೆ ಬಿದ್ದದ್ದು ಹಳೆಯದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ನನ್ನನ್ನೇ ಕೇಳಿದ. ಹುಣ್ಣು ಇದ್ದದ್ದು ಇನ್ನೊಬ್ಬನ ತೋಳಿನಲ್ಲಿ, ಆದರೂ ಗಾದೆ ಹೇಳುವಾಗ ಅವನ ದನಿಯಲ್ಲಿ ಸಂಶಯವಿರಲಿಲ್ಲ.

ಆ ವಾರ ಅವನು ಊಟ ಸರಿಯಾಗಿ ಮಾಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮಗಳಿಗೆ ಹೇಳುತ್ತಿದ್ದರು, ಇಲ್ಲವೇ ಆಸ್ಪತ್ರೆಗೆ ಹೋಗಿ ಕೇಳುತ್ತಿದ್ದರು. ಇವನು ಗಡಿಯಾರದವನನ್ನು ಕೂರಿಸಿಕೊಂಡು ಉಪಾಯ ಹೂಡಿದ. ಪತ್ರಿಕೆ ಹಂಚಿಕೊಳ್ಳುತ್ತೇವೆ, ಕೊಡೆ ಹಂಚಿಕೊಳ್ಳುತ್ತೇವೆ, ಲಸಿಕೆ ಯಾಕೆ ಹಂಚಿಕೊಳ್ಳಬಾರದು? ಎರಡನೆಯ ಸೂಜಿಯ ದಿನ ನಂಬರಿನ ಚೀಟಿ ಅದಲುಬದಲು ಮಾಡಿಕೊಂಡರೆ ಇವನಿಗೆ ಒಂದು ಪಾಲು ಹೊಸದು ಸಿಗುತ್ತದೆ, ಅವನಿಗೆ ಆಗಲೇ ಒಂದು ಪಾಲು ಆಗಿದೆ. ಇಬ್ಬರಿಗೂ ಸಮ. ಮಧ್ಯಾಹ್ನ ಹಾಳೆ ಬದಲಾಯಿಸಿಕೊಂಡಷ್ಟೇ ಸುಲಭ. ಇವರಿಬ್ಬರನ್ನು ಬಿಟ್ಟರೆ ಲೋಕದಲ್ಲಿ ಬೇರೆ ಯಾರಿಗೂ ಈ ಬುದ್ಧಿ ಹೊಳೆಯಲಾರದು. ಗಡಿಯಾರದವನು ಆ ದಿನ ಮಾತ್ರ “ಹೂಂ” ಎನ್ನಲಿಲ್ಲವಂತೆ. ಕಣ್ಣಿನ ಭೂತಗನ್ನಡಿ ತೆಗೆದಿಟ್ಟು, “ಮಗು ಸಲುವಾಗಿ ತಾನೆ? ಆಗಲಿ” ಎಂದನಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಗಡಿಯಾರದವನ ಬಾಯಿಂದ. ಅವನು ಒಂದು ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡನೆಯ ಸೂಜಿಯ ದಿನ ಹಳೆಯ ನರ್ಸಮ್ಮ ರಜೆ. ಬೇರೆ ಒಬ್ಬರು, ನಡುವಯಸ್ಸಿನವರು, ಬಂದಿದ್ದರು. ತಮ್ಮನ ಮುಖ ಅರಳಿತು, ಯಾಕೆಂದು ನನಗೆ ಗೊತ್ತಾಗಲಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿ ನಾನು ಕೂತಿದ್ದೆ, ಬಾಗಿಲು ತೆಗೆದೇ ಇತ್ತು. ಒಳಗೆ ಬಿಳಿ ಟೈಲ್ಸಿನ ಗೋಡೆ, ಒಂದು ತೂಕದ ಯಂತ್ರ, ಐಸ್ ಪೆಟ್ಟಿಗೆ, ಗುಂಡು ಸ್ಟೂಲು. ನನ್ನ ತಮ್ಮ ಗಡಿಯಾರದವನ ಚೀಟಿ ಕೊಟ್ಟು, ಗಡಿಯಾರದವನ ಹಾಗೆ ಬಾಯಿ ಮುಚ್ಚಿಕೊಂಡು ಕೂತ. ಅಷ್ಟು ಹೊತ್ತು ಅವನು ಬಾಯಿ ಮುಚ್ಚಿದ್ದನ್ನು ನೋಡಿ, ಮೈ ಸರಿಯಿಲ್ಲವೇನೋ ಎಂದು ನನಗೆ ಗಾಬರಿಯೇ ಆಯಿತು.

ಬಾಯಿ ಮುಚ್ಚಬಹುದು, ಕೈಯನ್ನು ಏನು ಮಾಡುವುದು? ನರ್ಸಮ್ಮನ ಬಿಳಿ ಕೋಟಿನ ತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಅವರು ಹತ್ತಿ ತೆಗೆದುಕೊಂಡರು, ಗುಂಡಿ ಆಡಿತು. ಸಿರಿಂಜಿನ ಪೆಟ್ಟಿಗೆ ತೆಗೆದರು, ಗುಂಡಿ ಆಡಿತು. ನನ್ನ ತಮ್ಮನ ಕಣ್ಣು ಗುಂಡಿಯ ಜೊತೆಗೇ ಆಡುತ್ತಿತ್ತು. ಕಡೆಗೆ ತಡೆಯಲಾರದೆ, “ಒಂದು ನಿಮಿಷ ಇರಿ ತಾಯಿ,” ಎಂದು ಕಾಲರಿನ ಮಡಿಕೆಯಿಂದ ದಾರ ಪೋಣಿಸಿದ ಸೂಜಿ ಎಳೆದು, ಅವರ ಕೈ ಹಿಡಿದು ಗುಂಡಿ ಹೊಲಿದುಬಿಟ್ಟ. ಗಂಟು ಹಾಕಿ ಹಲ್ಲಲ್ಲಿ ದಾರ ಕಡಿದ.

ನರ್ಸಮ್ಮ ಗುಂಡಿ ನೋಡಿದರು. ಚೀಟಿ ನೋಡಿದರು.

“ಇದರಲ್ಲಿ ಗಡಿಯಾರ ರಿಪೇರಿ ಅಂತ ಇದೆಯಲ್ಲ?”

“ಹೂಂ,” ಎಂದ ನನ್ನ ತಮ್ಮ. ಗೆಳೆಯನಿಂದ ಕಲಿತದ್ದು ಅಷ್ಟೇ.

“ಗಡಿಯಾರದೋರು ಕಾಲರಲ್ಲಿ ಸೂಜಿದಾರ ಇಟ್ಕೊಂಡಿರ್ತಾರಾ?”

“ಅಭ್ಯಾಸ ಬಲ.”

“ಒಳ್ಳೇದಾಯ್ತು ಬಿಡಿ,” ಎಂದು ನರ್ಸಮ್ಮ ತಮ್ಮ ಕೈಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟರು. “ಮೊನ್ನೆಯಿಂದ ನಿಂತುಹೋಗಿದೆ. ಏನಾಗಿದೆ ನೋಡಿ ಹೇಳಿ.”

ಅವನು ಅದನ್ನು ಕಿವಿಗೆ ಹಿಡಿದ. ಅಲ್ಲಾಡಿಸಿದ. ಹಿಂದೆ ಮುಂದೆ ತಿರುಗಿಸಿದ. ಬಟ್ಟೆಯೋ ಎಂಬಂತೆ ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದ. ಕೊನೆಗೆ, “ಎರಡು ದಿನ ಬಿಟ್ಟು ಬನ್ನಿ,” ಎಂದ. ಅದು ಅವನು ಎಲ್ಲ ಗಿರಾಕಿಗಳಿಗೂ ಹೇಳುವ ಮಾತು.

ನರ್ಸಮ್ಮ ನಗಲಿಲ್ಲ. ಬಾಗಿಲ ಕಡೆ ತಿರುಗಿ, ಮೇಜಿನ ಮೇಲಿದ್ದ ಇನ್ನೊಂದು ಚೀಟಿ ಓದಿ, ದರ್ಜಿ ಯಾರು ಎಂದು ಕೇಳಿದರು. ನನ್ನ ಪಕ್ಕದಲ್ಲಿ ಕೂತಿದ್ದ ಗಡಿಯಾರದವನು ಎದ್ದು ನಿಂತ. ದರ್ಜಿ ತಾನೇ ಎಂದು ಹೇಳಬೇಕಿತ್ತು. ಅವನು ಕೈಮುಗಿದು, “ದರ್ಜಿ ಒಳಗಿದ್ದಾನಮ್ಮ. ನಿಮ್ಮ ವಾಚಿಗೆ ಸೆಲ್ ಹಾಕಿದರೆ ಸಾಕು,” ಎಂದುಬಿಟ್ಟ.

ಅಲ್ಲಿಂದ ನೇರ ದೊಡ್ಡ ಡಾಕ್ಟರ ಕೋಣೆಗೆ. ದೊಡ್ಡ ಡಾಕ್ಟರು ಎಂದರೆ ದೊಡ್ಡ ಕೆಲಸದವರು, ವಯಸ್ಸಿನಲ್ಲಿ ನಮ್ಮ ಹುಡುಗಿಯಷ್ಟೇ. ಮೂರು ಮುದಿಗಳನ್ನೂ ಸಾಲಾಗಿ ಕೂರಿಸಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತ, ಯಾಕೆ ಹೀಗೆ ಮಾಡಿದಿರಿ ಎಂದಷ್ಟೇ ಕೇಳಿದರು. ನನ್ನ ತಮ್ಮ ತೋಳಿನ ಅಳತೆಯಿಂದ ಹಿಡಿದು ಎಲ್ಲ ಹೇಳಿದ. ಕಾವಲಿನವರು ಏಳುವುದನ್ನೂ ಉಂಡೆ ಕರಗುವುದನ್ನೂ ಅವರಿಗೇ ವಿವರಿಸಲು ಶುರುಮಾಡಿದ. ಅವರು ತಾಳ್ಮೆಯಿಂದ ಅದನ್ನೂ ಕೇಳಿದರು, ಚೆನ್ನಾಗಿ ಹೇಳಿದಿರಿ ಎಂದೂ ಅಂದರು. ಆಮೇಲೆ ಹೇಳಿದ್ದು ಇಷ್ಟು: ನೀವಿಬ್ಬರೂ ಇನ್ನು ಪರೀಕ್ಷೆಯಲ್ಲಿಲ್ಲ. ಯಾರಿಗೆ ಏನು ಹೋಯಿತೆಂಬ ನಂಬಿಕೆ ಒಮ್ಮೆ ತಪ್ಪಿದರೆ ನಿಮ್ಮ ಲೆಕ್ಕವೂ ಹಾಳು, ಉಳಿದವರ ಲೆಕ್ಕಕ್ಕೂ ಕಲೆ.

“ನನಗೆ ಹಳೇದೇ ತಾನೆ ಬಿದ್ದಿದ್ದು? ಅದಕ್ಕೇ ಹೀಗೆ ಮಾಡಿದೆ. ಹೊಸದು ಮೇಲು ಅಂತ ಎಲ್ಲರಿಗೂ ಗೊತ್ತಲ್ಲ,” ಎಂದ ತಮ್ಮ.

“ಯಾರಿಗೆ ಗೊತ್ತು? ನನಗೆ ಗೊತ್ತಿಲ್ಲವಲ್ಲ,” ಎಂದರು ಡಾಕ್ಟರು. “ಅದನ್ನ ತಿಳ್ಕೊಳ್ಳೋಕೆ ತಾನೇ ಇಷ್ಟು ಜನಕ್ಕೆ ಚುಚ್ಚುತಾ ಇರೋದು. ನಿಮ್ಮ ಹಾಗೆ ಮೊದಲೇ ಗೊತ್ತಿದ್ದಿದ್ರೆ ನಾನೂ ಮನೆಗೆ ಹೋಗಿ ಮಲ್ಕೋತಿದ್ದೆ.”

ಮನೆಯಲ್ಲಿ ಅಂಥ ಮಗು ಇದೆ, ಇವರಿಗೆ ಮುಂದೇನು ಕೊಡಬೇಕೆಂದು ತಿಳಿಯಬೇಕಲ್ಲ. ಅದಕ್ಕಾಗಿ ಅವರು ಬೇರೆ ಊರಿನ ಕಚೇರಿಗೆ ಫೋನು ಮಾಡಿದರು. ಯಾರಿಗೆ ಯಾವುದು ಎಂಬ ಗುಟ್ಟು ಇರುವುದು ಅಲ್ಲಿ. ತಂತಮ್ಮ ತೋಳನ್ನೇ ನೋಡುತ್ತ ಇಬ್ಬರೂ ಗೆಳೆಯರು ಕಾದರು. ಡಾಕ್ಟರು ಫೋನಿಟ್ಟು ನನ್ನ ತಮ್ಮನ ಮುಖ ನೋಡಿದರು.

“ಹೊಸದು ಹೋಗಿದ್ದು ನಿಮಗೆ. ಇವರಿಗೆ ಹಳೇದು.”

ಗಡಿಯಾರದವನು ಊದಿದ ತೋಳು ಮುಂದೆ ಚಾಚಿ, ಹಾಗಾದರೆ ಇದೇನು ಎಂಬಂತೆ ತೋರಿಸಿದ. ಡಾಕ್ಟರು ಮುಟ್ಟಿ ನೋಡಿ, ಇದನ್ನು ಯಾರಾದರೂ ಅದುಮುತ್ತಿದ್ದಾರಾ ಎಂದರು.

“ದಿನಾ,” ಎಂದ ಗಡಿಯಾರದವನು. “ಇವನೇ. ಹೆಬ್ಬೆರಳಲ್ಲಿ.”

ಸುಮ್ಮನೆ ಕೂತಿದ್ದರೆ ಆ ದಿನ ಎರಡನೆಯ ಸೂಜಿಯೂ ಹೊಸದೇ ಬಿದ್ದು ಅವನ ಪಾಲಿನದು ಪೂರ್ತಿಯಾಗುತ್ತಿತ್ತು. ಬುದ್ಧಿ ಓಡಿಸಿ ತನ್ನ ಪಾಲನ್ನು ಗೆಳೆಯನಿಗೆ ಕೊಟ್ಟು, ಗೆಳೆಯನ ಹಳೆಯದನ್ನು ಕದಿಯಲು ಹೋಗಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೂ ಅಲ್ಲ. ಬಾಯಿಗೆ ಬಂದ ತುತ್ತನ್ನು ಇವನೇ ಕೈಹಾಕಿ ಹೊರಗೆ ತೆಗೆದ. ಹೊಸದರ ಎರಡನೆಯ ಸೂಜಿ ಇನ್ನು ಕೊಡುವ ಹಾಗಿಲ್ಲವೆಂದರು ಡಾಕ್ಟರು. ಅದರ ಬದಲು ಹಳೆಯದನ್ನು ಕೊಡಬಹುದು. ಒಂದು ಹೊಸದು, ಒಂದು ಹಳೆಯದು ಸೇರಿ ಎಷ್ಟು ಕಾಯುತ್ತದೆ ಎಂದು ಅವರು ಹೇಳಲಾರರು, ಯಾಕೆಂದರೆ ಅದನ್ನು ಯಾರೂ ನೋಡಿಲ್ಲ. ಕೆಲವು ವಾರ ಕಾಯಬೇಕು, ರಕ್ತ ಪರೀಕ್ಷೆ ಮಾಡಬೇಕು. ಅಲ್ಲಿಯವರೆಗೆ ಮಗು ಇರುವ ಕೋಣೆಗೆ ಹೋಗದಿದ್ದರೆ ಒಳ್ಳೆಯದು.

ಗೆಳೆಯರಿಬ್ಬರೂ ಹಳೆಯದನ್ನು ಚುಚ್ಚಿಸಿಕೊಂಡ ಮೇಲೆ ಮನೆಗೆ ಹೊರಟೆವು. ಮನೆಯ ತಿರುವು ಬಂದಾಗ ತಮ್ಮ ನಿಂತ.

“ಅಕ್ಕ, ಅವಳಿಗೆ ಎರಡೂ ಆಯ್ತು ಅಂದ್ಬಿಡೋಣವಾ? ಸುಳ್ಳಲ್ಲವಲ್ಲ. ಎರಡು ಸಲ ಚುಚ್ಚಿದ್ದು ನಿಜ ತಾನೆ?”

ಗಡಿಯಾರದವನು ಕೊಡೆ ಮಡಿಸಿ ಇವನ ಕೈಗಿಟ್ಟು, “ಮಗು ಸಲುವಾಗಿ ಅಂತ ನಾನು ಬಂದೆ,” ಎಂದು ತನ್ನ ಅಂಗಡಿ ಬಾಗಿಲು ತೆಗೆಯಲು ಹೋದ.

ಮಗು ಬರುವುದು ಎರಡು ದಿನಕ್ಕಿತ್ತು. ಅಷ್ಟರಲ್ಲಿ ಸುಳ್ಳು ಹೇಳಲು ಬೇಕಾದಷ್ಟು ಸಮಯ. ಹೇಳಿದ್ದರೆ ಅವಳು ನಂಬುತ್ತಿದ್ದಳು, ನೆಮ್ಮದಿಯಾಗಿ ಕೆಲಸಕ್ಕೆ ಹೋಗುತ್ತಿದ್ದಳು, ಇವನು ಮೊಮ್ಮಗಳ ಪಕ್ಕದಲ್ಲಿ ರಾಜನ ಹಾಗೆ ಕೂತು ಉಂಡೆ ಕರಗುವ ಕತೆ ಹೇಳುತ್ತಿದ್ದ. ಏನೂ ಆಗದೆಯೂ ಇರಬಹುದಿತ್ತು. ಆ ಸಂಜೆ ಮೆಷಿನ್ನಿನ ಮುಂದೆ ಕೂತು ಒಂದು ಅಂಚು ಹೊಲಿದ, ಬಿಚ್ಚಿದ, ಮತ್ತೆ ಹೊಲಿದ. ಮಗಳು ಆಸ್ಪತ್ರೆಯಿಂದ ಬಂದು ಮೆಟ್ಟಿಲು ಹತ್ತುವ ಸದ್ದಾದಾಗ ಎದ್ದು ಹೋದ. ನಾನು ಮೆಟ್ಟಿಲ ಕೆಳಗಿದ್ದೆ, ನನ್ನ ಜಾಗ ಅದೇ.

“ಎರಡನೇದು ಆಯ್ತಾ ಅಪ್ಪ?” ಎಂದಳು ಅವಳು.

“ಆಯ್ತು. ಆದರೆ ಹೊಸದಲ್ಲ. ನನ್ನ ಕೈಯಾರೆ ಕೆಡಿಸ್ಕೊಂಡೆ,” ಎಂದ. “ಮೊದಲನೇದು ಯಾವುದು ಅಂತಾನೂ ನಿನಗೆ ಹೇಳಿದಾಗ ನನಗೆ ಗೊತ್ತಿರಲಿಲ್ಲ. ಸುಮ್ಮನೆ ಹೇಳಿದ್ದು.”

ಮಿಕ್ಕದ್ದನ್ನು ನಿಂತುಕೊಂಡೇ ಹೇಳಿ ಮುಗಿಸಿದ. ಕಾರಣ ಕೊಡಲಿಲ್ಲ. ಕಾರಣವಿಲ್ಲದೆ ಅವನು ಹೇಳಿದ ಮಾತು ನನ್ನ ನೆನಪಿನಲ್ಲಿ ಅದೊಂದೇ.

ಮಗಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಬಯ್ಯುತ್ತಾಳೆ ಎಂದು ಕಾದೆ. ಕೌಂಟರಿನಲ್ಲಿ ಕೂತು ಕೂತು ಅವಳಿಗೆ ಬಯ್ಯುವುದೂ ಸಣ್ಣ ದನಿಯಲ್ಲೇ ರೂಢಿ.

“ಅಳತೆ ತಪ್ಪಿದರೆ ಗಿರಾಕಿ ತಿರುಗಿ ಬರ್ತಾನೆ ಅಪ್ಪ,” ಎಂದಳು. “ಇವಳು ಹೋದರೆ ಬರಲ್ಲ.”

ಅವಳು ಬಾಗಿಲು ತೆಗೆದು ಒಳಗೆ ಹೋದಳು, ಮತ್ತೆ ಹೊರಗೆ ಬಂದಳು. ರಕ್ತ ಪರೀಕ್ಷೆ ಆಗಿ ಡಾಕ್ಟರು ಹೂಂ ಅನ್ನುವವರೆಗೆ ಈ ಹೊಸ್ತಿಲು ದಾಟಬೇಡ ಎಂದಳು. ತನ್ನ ಜೊತೆ ಕೆಲಸ ಮಾಡುವವಳೊಬ್ಬಳನ್ನು ಕೇಳಿ ಬೆಳಗಿನ ಪಾಳಿಯನ್ನು ಸಂಜೆಗೆ ಹಾಕಿಸಿಕೊಳ್ಳುತ್ತೇನೆ, ಸಂಜೆಗೆ ಗಂಡ ಊರಿನಲ್ಲಿರುವಂತೆ ಲಾರಿ ಮಾಲೀಕನ ಕಾಲು ಹಿಡಿಯುತ್ತೇನೆ ಎಂದಳು. ಅದು ಅವನ ಜೊತೆ ಆಡಿದ ಮಾತಲ್ಲ, ತನಗೆ ತಾನೇ ಹಾಕಿಕೊಂಡ ಲೆಕ್ಕ. ಕಡೆಗೆ, ಮಗುವಿನ ಎದೆಯಲ್ಲಿ ಔಷಧಿಯ ನಳಿಕೆ ಇನ್ನೂ ಹಾಗೇ ಇದೆ, ತಲೆಯ ಮೇಲಿಂದ ಹಾಕುವ ಅಂಗಿ ಆಗುವುದಿಲ್ಲ, ಮುಂದೆ ಪೂರಾ ತೆರೆಯುವಂಥ ಮೆತ್ತನೆ ಅಂಗಿ ಬೇಕು ಎಂದಳು. ಇದನ್ನು ಅವನಿಗೇ ಹೇಳಿದ್ದು.

ಮಗು ಬಂತು. ತಲೆಗೂದಲಿಲ್ಲದ ಪುಟ್ಟ ತಲೆ, ಮೂಗಿನ ಮೇಲೆ ಮುಖಕ್ಕಿಂತ ದೊಡ್ಡ ಮಾಸ್ಕು. ಅಳಿಯ ಎತ್ತಿಕೊಂಡು ಮೆಟ್ಟಿಲು ಹತ್ತಿದ. ತಾತ ಅಂಗಡಿಯ ಕನ್ನಡಿಯ ಹಿಂದೆ ನಿಂತು ನೋಡಿದ, ಹೊರಗೆ ಬರಲಿಲ್ಲ. ಜಗತ್ತಿನ ಎಲ್ಲ ವಿಷಯ ಗೊತ್ತಿದ್ದವನು ಅರ್ಧ ಹೊಸ, ಅರ್ಧ ಹಳೆಯ ಲಸಿಕೆಯ ಮೈ ಹೊತ್ತು, ತಾನು ಯಾವುದಕ್ಕೆ ಸಲ್ಲುತ್ತೇನೆ ಎಂದು ಗೊತ್ತಿಲ್ಲದೆ ಕಾಯುತ್ತಿದ್ದ. ಗಿರಾಕಿಗಳಿಗೆ ಅವನು ಹೇಳುವ ಲಸಿಕೆಯ ಕತೆ ಅಲ್ಲಿಗೆ ನಿಂತಿತು. ಪ್ಯಾಂಟಿನವನು ಬಂದು, ಆ ಉಂಡೆ ಏನಾಯಿತು ಎಂದು ತಾನಾಗಿಯೇ ಕೇಳಿದಾಗ, “ಡಾಕ್ಟರನ್ನ ಕೇಳಿ” ಎಂದ. ಪ್ಯಾಂಟು ಹೇಳಿದ ದಿನಕ್ಕೆ ಕೊಟ್ಟಿದ್ದ. ಆ ಮನುಷ್ಯ ಗಾಬರಿಯಾಗಿ ಎರಡು ಸಲ ಮಡಿಕೆ ಬಿಚ್ಚಿ ನೋಡಿದ.

ದಿನಕ್ಕೊಂದು ಅಂಗಿಯಂತೆ ಹೊಲಿಯತೊಡಗಿದ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ, ಗುಂಡಿ ಬೇಡ, ಒತ್ತುತ್ತದೆ. ಮುಂದೆ ಮೂರು ಕಡೆ ಕಟ್ಟುವ ಲಾಡಿ. ನಳಿಕೆ ಇರುವ ಕಡೆ ಹೊಲಿಗೆ ಬಾರದಂತೆ ಕತ್ತರಿಸಿದ. ಮೊದಲನೆಯದು ದೊಡ್ಡದಾಯಿತು. ಅಳತೆ ತೆಗೆಯಲು ಹತ್ತಿರ ಹೋಗುವಂತಿಲ್ಲ, ಆಸ್ಪತ್ರೆಗೆ ಹೋಗುವ ಮುಂಚಿನ ಅಳತೆ ಅವನ ಕೈಯಲ್ಲಿತ್ತು. ಮಗು ಅಷ್ಟು ಇಳಿದುಹೋಗಿದೆ ಎಂದು ಮಗಳು ಹೇಳಿದಾಗ ಅವನು ಕತ್ತರಿ ಕೆಳಗಿಟ್ಟ. ಆಮೇಲೆ ಎರಡೂ ಪಕ್ಕ ಹಿಡಿದು ಕಿರಿದು ಮಾಡಿದ.

ಮಗು ಬಾಗಿಲ ಆಚೆಯಿಂದಲೇ ಜಬರದಸ್ತು ಮಾಡುತ್ತಿತ್ತು. ಒಂದು ಬೆಳಿಗ್ಗೆ ಇವನು ಮೆಟ್ಟಿಲ ತುದಿಯಲ್ಲಿ ಮಾಸ್ಕು ಹಾಕಿಕೊಂಡು ಕೂತಿದ್ದಾಗ ಒಳಗಿಂದ ದನಿ ಬಂತು.

“ತಾತ, ಜೇಬೇ ಇಲ್ಲವಲ್ಲ ಇದಕ್ಕೆ?”

“ಮನೇಲಿರೋರಿಗೆ ಜೇಬು ಯಾಕಮ್ಮ?”

“ನೀನೂ ಮನೇಲೇ ಇರ್ತೀಯ. ನಿನಗ್ಯಾಕೆ ನಾಲ್ಕು ಜೇಬು?”

ಅವನು ಕೆಳಗೆ ಬಂದು ಮೂರು ಅಂಗಿಗಳಿಗೂ ಎಡಗಡೆ ಜೇಬಿಟ್ಟ. ಗಡಿಯಾರದವನು ಬಂದು, ಹಾಳಾದ ಗಡಿಯಾರದಿಂದ ತೆಗೆದ ಸಣ್ಣ ಹಿತ್ತಾಳೆ ಚಕ್ರವೊಂದನ್ನು ತೊಳೆದು ಒಣಗಿಸಿ ಒಂದು ಜೇಬಿಗೆ ಹಾಕಿದ. ಮಗಳು ಅದನ್ನು ಹೊರಗೆ ತೆಗೆದು, ಕುದಿಯುವ ನೀರಿನಲ್ಲಿ ಹಾಕಿ, ಆಮೇಲೆ ಒಳಗೆ ಕೊಟ್ಟಳಂತೆ.

ರಕ್ತ ಪರೀಕ್ಷೆಗೆ ಇನ್ನೂ ದಿನವಿದೆ. ಡಾಕ್ಟರು ಏನು ಹೇಳುತ್ತಾರೋ ಯಾರಿಗೂ ಗೊತ್ತಿಲ್ಲ, ನನ್ನ ತಮ್ಮನಿಗೂ ಗೊತ್ತಿಲ್ಲ. ಅವನೇ ಹಾಗೆಂದು ಹೇಳಿದ. ನಾನು ಎರಡನೆಯ ಸಲ ಕೇಳಿ ಖಚಿತಪಡಿಸಿಕೊಂಡೆ.

ಇವತ್ತು ಬೆಳಿಗ್ಗೆ ಮಗಳು ಒಗೆದ ಅಂಗಿಗಳ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ತಮ್ಮ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿದ. ಇಸ್ತ್ರಿ ಪೆಟ್ಟಿಗೆ ಕಾಯಿತೇ ಎಂದು ನೀರು ಚಿಮುಕಿಸಿ ನೋಡಿ, ಒಂದು ಅಂಗಿಯನ್ನು ಒಳಮೈ ಹೊರಗೆ ಮಾಡಿ, ಮೊದಲು ಹೊಲಿಗೆಗಳ ಮೇಲೆ, ಆಮೇಲೆ ಲಾಡಿಗಳ ಮೇಲೆ, ಕಡೆಗೆ ಜೇಬಿನ ಮೇಲೆ ನಿಧಾನವಾಗಿ ಒತ್ತಿದ. ತಿರುಗಿಸಿ ಹೊರಮೈಗೂ ಒತ್ತಿದ. ಮಡಿಸಿ ಪಕ್ಕಕ್ಕಿಟ್ಟು, ಬುಟ್ಟಿಯಿಂದ ಇನ್ನೊಂದು ತೆಗೆದುಕೊಂಡ.